ಗೋಲು ಹೊಡೆಯುವವನ ಕೂಲಿ
(ತೋಟದ ಲೈನಿನಲ್ಲಿ ಭಾನುವಾರ ಸಂಜೆಯ ಕೂಟದಲ್ಲಿ ಆಡಿದ ಮಾತು)



ಕಾಲ್ಚೆಂಡಿನ ಆಟದಲ್ಲಿ ಎದುರಾಳಿಯ ಗೋಲಿನ ಹತ್ತಿರವೇ ಸುಳಿದಾಡುತ್ತಾ, ಸಮಯ ನೋಡಿ ಚೆಂಡನ್ನು ಒಳಗೆ ತಳ್ಳುವವನಿಗೆ ಸ್ಟ್ರೈಕರ್ ಎನ್ನುತ್ತಾರೆ. ಸ್ಟ್ರೈಕ್ ಎಂದರೆ ಸಂಘದವರಾದ ನಮಗೆ ಬೇರೆಯೇ ನೆನಪಾಗುತ್ತದೆ. ನಗಬೇಡಿ, ಇವತ್ತಿನ ಮಾತಿನಲ್ಲಿ ಎರಡಕ್ಕೂ ಸಂಬಂಧ ಉಂಟು. ಪಶ್ಚಿಮ ಆಫ್ರಿಕದ ನೈಜೀರಿಯ ದೇಶದಿಂದ ಹೊರಟು, ಇಪ್ಪತ್ತು ವರ್ಷಕ್ಕೂ ಮೇಲೆ ಪರದೇಶಗಳಲ್ಲಿ ಗೋಲು ಹೊಡೆದು ಬದುಕಿದ ಒಬ್ಬ ಕೆಲಸಗಾರರ ವಿಷಯ ಹೇಳಬೇಕೆಂದಿದ್ದೇವೆ. ಕೆಲಸಗಾರ ಎಂದೇ ಹೇಳುತ್ತೇವೆ. ಅದು ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.

ಮೊದಲು ಕೊಲ್ಲಾಪುರಕ್ಕೆ ಹೋಗೋಣ. ಇಲ್ಲಿ ಕೂತಿರುವ ಕೆಲವರ ನೆಂಟರು ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಾರೆ. ಗಡಹಿಂಗ್ಲಜ ನಮ್ಮ ಸಂಕೇಶ್ವರಕ್ಕೆ ಹತ್ತಿರದ ಊರು, ಆ ತಾಲೂಕಿನಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಕ್ರಿಕೆಟ್ಟಿನ ಹುಚ್ಚು ಎಲ್ಲ ಕಡೆಯೂ ಇದೆ, ಆದರೆ ಈ ಸೀಮೆಗೆ ಹಿಡಿದದ್ದು ಕಾಲ್ಚೆಂಡಿನ ಹುಚ್ಚು. ಕೊಲ್ಲಾಪುರದ ಕುಸ್ತಿಯ ತಾಲೀಮುಗಳೇ, ಅಂದರೆ ಗರಡಿಗಳೇ, ಕಾಲ್ಚೆಂಡಿನ ತಂಡಗಳನ್ನು ಕಟ್ಟಿದವು. ಪಾಟಾಕಡೀಲ್ ತಾಲೀಮು, ದಿಲ್‌ಬಹಾರ್ ತಾಲೀಮು, ಖಂಡೋಬಾ ತಾಲೀಮು ಎಂದರೆ ಅಲ್ಲಿ ಒಂದೊಂದು ಪೇಟೆಯ ಮಾನದ ಪ್ರಶ್ನೆ. ಶಾಹು ಸ್ಟೇಡಿಯಮ್ಮಿನಲ್ಲಿ ಪಂದ್ಯವಿದ್ದರೆ ಊರಿಗೆ ಊರೇ ಅಲ್ಲಿರುತ್ತದೆ. ಗಡಹಿಂಗ್ಲಜದಲ್ಲಿಯೂ ಹೊರರಾಜ್ಯಗಳ ತಂಡಗಳನ್ನು ಕರೆಸಿ ಪಂದ್ಯಾವಳಿ ಆಡಿಸುವ ವಾಡಿಕೆ ಇದೆ. ಕೊಲ್ಲಾಪುರದ ತಂಡಗಳು ಕೆಲವು ಹಂಗಾಮುಗಳಲ್ಲಿ ಆಫ್ರಿಕದ ಆಟಗಾರರನ್ನೂ ಕರೆಸಿ ಆಡಿಸಿವೆ. ಹಂಗಾಮು ಮುಗಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆಂದು ಕೇಳಿದವರು ಕಡಿಮೆ.

ಅಂಥ ಕೊಲ್ಲಾಪುರದ ಹುಡುಗ ಅನಿಕೇತ್ ಜಾಧವ್. ತಂದೆ ಆಟೋರಿಕ್ಷಾ ಓಡಿಸುತ್ತಿದ್ದವರು. ಹುಡುಗ ಪುಣೆಯ ಸರ್ಕಾರಿ ಕ್ರೀಡಾ ಪ್ರಬೋಧಿನಿಯಲ್ಲಿ ಕಲಿತು, 2017ರಲ್ಲಿ ನಮ್ಮ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ತಂಡಕ್ಕೆ ಆಡಿದ. ಆ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಘಾನಾ ದೇಶದ ಹುಡುಗರು ನಮ್ಮವರನ್ನು 4–0ಯಿಂದ ಸೋಲಿಸಿದರು. ಘಾನಾ ಇರುವುದೂ ಪಶ್ಚಿಮ ಆಫ್ರಿಕದಲ್ಲೇ. ನಾಲ್ಕು ವರ್ಷದ ಮೇಲೆ, 2021ರಲ್ಲಿ, ಅನಿಕೇತ್ ಹೈದರಾಬಾದ್ ಎಫ್.ಸಿ. ತಂಡವನ್ನು ಸೇರಿದಾಗ ಮುಂದಿನ ಸಾಲಿನಲ್ಲಿ ಅವರ ಜೊತೆಗಿದ್ದವರು ಅದೇ ಪಶ್ಚಿಮ ಆಫ್ರಿಕದ ಒಬ್ಬ ಹಿರಿಯರು. ಅವರೇ ಬಾರ್ತಲೋಮ್ಯೂ ಒಗ್ಬೆಚೆ.

ಒಗ್ಬೆಚೆ ಹುಟ್ಟಿದ್ದು 1984ರಲ್ಲಿ, ನೈಜೀರಿಯದ ಒಗೋಜ ಎಂಬ ಊರಿನಲ್ಲಿ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ದಾಟುವ ವಯಸ್ಸಿನಲ್ಲಿ ಅವರು ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡದಲ್ಲಿ ತರಬೇತಿಗೆ ಇದ್ದರು. 2002ರಲ್ಲಿ, ಹದಿನೇಳನೆಯ ವಯಸ್ಸಿಗೆ, ನೈಜೀರಿಯದ ಪರವಾಗಿ ದೊಡ್ಡವರ ವಿಶ್ವಕಪ್ ಆಡಿದರು. ಇನ್ನೇನು ಬೇಕು, ಜೀವನ ನೆಲೆಗೆ ನಿಂತಿತು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಪ್ಯಾರಿಸ್ಸಿನ ತಂಡ ಅವರನ್ನು ಬಾಸ್ತಿಯಾಕ್ಕೂ ಮೆಟ್ಸ್‌ಗೂ ಎರವಲು ಕೊಟ್ಟಿತು. ಹೌದು, ಕಾಲ್ಚೆಂಡಿನಲ್ಲಿ ಆಳನ್ನು ಎರವಲು ಕೊಡುವ ಪದ್ಧತಿ ಇದೆ. ಆಮೇಲೆ ಅಬುಧಾಬಿಯ ಅಲ್ ಜಜೀರಾ. ಆಮೇಲೆ ಸ್ಪೇನಿನಲ್ಲಿ ಅಲಾವೆಸ್, ವಯಾದೊಲಿದ್, ಕಾದಿಸ್. ಗ್ರೀಸಿನ ಕವಾಲಾ. 2011ರಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೊ. ಮತ್ತೆ ಸ್ಪೇನಿನ ಖೆರೆಸ್. ಆಮೇಲೆ ಹಾಲೆಂಡಿನ ಕಾಂಬೂರ್, ವಿಲ್ಲೆಮ್.

ಎಷ್ಟು ಊರಾಯಿತು ಎಂದು ಬೆರಳು ಮಡಿಸಿ ಎಣಿಸಿರಿ. ಎಷ್ಟು ಭಾಷೆ, ಎಷ್ಟು ಚಳಿ, ಎಷ್ಟು ಬಾಡಿಗೆ ಮನೆ! ಒಂದು ವರ್ಷದ ಕರಾರು, ಎರಡು ವರ್ಷದ ಕರಾರು. ಗೋಲು ಬಂದರೆ ಮುಂದಿನ ವರ್ಷ ಉಂಟು, ಮೊಣಕಾಲು ಹೋದರೆ ಇಲ್ಲ. ಒಂದು ತೋಟದಲ್ಲಿ ಕೊಯ್ಲು ಮುಗಿದೊಡನೆ ಇನ್ನೊಂದು ತೋಟದ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಸಂಬಳ ನಮ್ಮದಕ್ಕಿಂತ ಬಹಳ ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾವು ಅರವತ್ತರವರೆಗೆ ಗಿಡದ ಬುಡದಲ್ಲಿ ನಿಲ್ಲಬಹುದು, ಓಟಗಾರನ ಕಾಲಿಗೆ ಮೂವತ್ತೈದರ ಹೊತ್ತಿಗೇ ಮುಪ್ಪು ಬರುತ್ತದೆ.

ಒಗ್ಬೆಚೆ ಭಾರತಕ್ಕೆ ಬಂದದ್ದು 2018ರಲ್ಲಿ, ಮೂವತ್ತನಾಲ್ಕರ ವಯಸ್ಸಿಗೆ. ಇಂಡಿಯನ್ ಸೂಪರ್ ಲೀಗಿನಲ್ಲಿ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ತಂಡಕ್ಕೆ 12 ಗೋಲು ಹೊಡೆದರು. ಮುಂದಿನ ವರ್ಷ ಕೇರಳ ಬ್ಲಾಸ್ಟರ್ಸ್‌ಗೆ 15. ಅದರ ಮುಂದಿನ ವರ್ಷ ಮುಂಬಯಿ ಸಿಟಿಗೆ 8. 2021ರ ಮಾರ್ಚಿಯ ಫೈನಲ್ಲಿನಲ್ಲಿ ಆಟ ಮುಗಿಯುವ ಗಳಿಗೆಯಲ್ಲಿ ಚೆಂಡು ಅವರ ಕಾಲಿಗೆ ಬಂತು. ತಾವೇ ಹೊಡೆಯಲು ಹೋಗದೆ ಮಣಿಪುರದ ಬಿಪಿನ್ ಸಿಂಗ್‌ಗೆ ಒಪ್ಪಿಸಿದರು. ಬಿಪಿನ್ ಹೊಡೆದ ಆ ಗೋಲಿನಿಂದ ಮುಂಬಯಿ ಗೆದ್ದಿತು. ಹುಡುಗರೇ, ಇದನ್ನು ಮನಸ್ಸಿನಲ್ಲಿಡಿ.

ಮರುವರ್ಷ ಹೈದರಾಬಾದಿನಲ್ಲಿ 18 ಗೋಲು ಹೊಡೆದು ಇಡೀ ಲೀಗಿಗೆ ಮೊದಲಿಗರಾದರು. 2021ರ ಡಿಸೆಂಬರಿನಲ್ಲಿ ಅವರ ಹಳೆಯ ನಾರ್ತ್‌ಈಸ್ಟ್ ತಂಡವನ್ನು 5–1ರಿಂದ ಸೋಲಿಸಿದ ಪಂದ್ಯದಲ್ಲಿ ಒಗ್ಬೆಚೆಯವರದು ಎರಡು ಗೋಲು, ಅನಿಕೇತ್ ಜಾಧವ್‌ದು ಒಂದು. 2022ರ ಮಾರ್ಚಿ 20ರಂದು ಗೋವಾದ ಫಾತೋರ್ಡದಲ್ಲಿ ಹೈದರಾಬಾದ್ ಪೆನಾಲ್ಟಿ ಹೊಡೆತಗಳಲ್ಲಿ ಗೆದ್ದು ಕಪ್ಪು ಎತ್ತಿತು. ಅಂದು ಮೂರು ಹೊಡೆತ ತಡೆದ ಗೋಲಿ ಗೋವಾದ ಲಕ್ಷ್ಮೀಕಾಂತ ಕಟ್ಟೀಮನಿ. ಹೆಸರು ಕೇಳಿದರೆ ನಮ್ಮ ಬಡಗಣ ಸೀಮೆ ನೆನಪಾಗುತ್ತದಲ್ಲವೇ? ಆ ಮುಂದಿನ ಹಂಗಾಮಿನ 10 ಸೇರಿ ಒಗ್ಬೆಚೆಯವರದು ಈ ಲೀಗಿನಲ್ಲಿ ಒಟ್ಟು 63 ಗೋಲು. ಆಗ ಅಷ್ಟು ಹೊಡೆದವರು ಬೇರೆ ಯಾರೂ ಇರಲಿಲ್ಲ.

ಇನ್ನು ಮುಂದಿನದನ್ನು ದೊಡ್ಡವರು ಕಿವಿಗೊಟ್ಟು ಕೇಳಬೇಕು. ಕಪ್ಪು ಗೆದ್ದ ಅದೇ ಕ್ಲಬ್ಬು 2023ರ ಹೊತ್ತಿಗೆ ಹಣದ ಮುಗ್ಗಟ್ಟಿಗೆ ಬಿತ್ತು. ಆಟಗಾರರ ಬಟವಾಡೆ ನಿಂತಿತು. ಬಾಕಿ ತೀರಿಸುವವರೆಗೆ ಹೊಸ ಆಟಗಾರರನ್ನು ಸೇರಿಸಿಕೊಳ್ಳಬಾರದೆಂದು ಫಿಫಾ, ಅಂದರೆ ಲೋಕದ ಕಾಲ್ಚೆಂಡು ಸಂಸ್ಥೆ, ತಡೆ ಹಾಕಿತು. ಒಬ್ಬೊಬ್ಬರಾಗಿ ಆಟಗಾರರು ಬಿಟ್ಟು ಹೊರಟರು. ಕಪ್ಪು ಕಪಾಟಿನಲ್ಲಿತ್ತು, ಕೂಲಿ ಕೈಗೆ ಬರಲಿಲ್ಲ. ಇಂಥ ಹೊತ್ತಿನಲ್ಲಿ ಆಟಗಾರನ ಕೈಯಲ್ಲಿ ಉಳಿಯುವುದು ಎರಡೇ: ಸಹಿ ಬಿದ್ದ ಕರಾರಿನ ಕಾಗದ, ಮತ್ತು ಬೆನ್ನಿಗೆ ನಿಲ್ಲುವ ಸಂಘ.

ಆಟಗಾರರಿಗೆ ಸಂಘವೇ ಎಂದು ಕೇಳಬಹುದು. ಉಂಟು. ಇಂಗ್ಲೆಂಡಿನ ಆಟಗಾರರು 1907ರಲ್ಲೇ ಸಂಘ ಕಟ್ಟಿದರು. ಎಂಥ ಆಟಗಾರನಾದರೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ನಿಯಮ ಅಲ್ಲಿತ್ತು. ಜಿಮ್ಮಿ ಹಿಲ್ ಎಂಬ ಆಟಗಾರರ ಮುಂದಾಳುತನದಲ್ಲಿ ಮುಷ್ಕರ ಹೂಡುತ್ತೇವೆಂದು ಎಲ್ಲರೂ ಒಟ್ಟಾಗಿ ನಿಂತಾಗ 1961ರಲ್ಲಿ ಆ ನಿಯಮ ಬಿದ್ದುಹೋಯಿತು. ಸ್ಟ್ರೈಕರಿಗೂ ಸ್ಟ್ರೈಕಿಗೂ ಸಂಬಂಧ ಉಂಟು ಎಂದದ್ದು ಇದಕ್ಕೇ. ನಮ್ಮ ದೇಶದಲ್ಲಿಯೂ 2006ರಲ್ಲಿ ಬೈಚುಂಗ್ ಭುಟಿಯಾ ಮೊದಲಾದವರು ಆಟಗಾರರ ಸಂಘ ಕಟ್ಟಿದ್ದಾರೆ.

ಒಗ್ಬೆಚೆಯಂಥವರು ನೂರಕ್ಕೊಬ್ಬರು. ಪಶ್ಚಿಮ ಆಫ್ರಿಕದ ಎಷ್ಟೋ ಹುಡುಗರನ್ನು ಸುಳ್ಳು ಏಜೆಂಟರು ದೊಡ್ಡ ತಂಡಕ್ಕೆ ಸೇರಿಸುತ್ತೇವೆಂದು ಹೇಳಿ ಕರೆದೊಯ್ಯುತ್ತಾರೆ. ಹೆತ್ತವರು ಹೊಲ ಮನೆ ಒತ್ತೆ ಇಟ್ಟು ಹಣ ಕೊಡುತ್ತಾರೆ. ಪರೀಕ್ಷೆಯ ಆಟದಲ್ಲಿ ಆಯ್ಕೆಯಾಗದಿದ್ದರೆ ಏಜೆಂಟು ಕಾಣೆಯಾಗುತ್ತಾನೆ, ಹುಡುಗ ಪರದೇಶದ ಬೀದಿಯಲ್ಲಿ ಉಳಿಯುತ್ತಾನೆ. ಅಂಥವರಿಗೆ ನೆರವಾಗಲೆಂದೇ ಕ್ಯಾಮರೂನಿನ ಹಳೆಯ ಆಟಗಾರ ಜಾನ್ ಕ್ಲೋಡ್ ಎಂಬ್ವೂಮಿನ್ 2000ದಲ್ಲಿ ಫ್ರಾನ್ಸಿನಲ್ಲಿ ಒಂದು ಸಂಸ್ಥೆ ಕಟ್ಟಿದರು. 18 ತುಂಬದವರನ್ನು ದೇಶದಿಂದ ದೇಶಕ್ಕೆ ಒಯ್ಯಬಾರದೆಂದು ಫಿಫಾ 2001ರಲ್ಲಿ ನಿಯಮ ಮಾಡಿತು. ಕೆಲವು ವಿನಾಯಿತಿಗಳಿವೆ, ನಿಯಮ ತಪ್ಪಿಸುವವರೂ ಇದ್ದಾರೆ.

ತಾಯಂದಿರೇ, ನಮ್ಮ ಲೈನಿನ ಹುಡುಗರಲ್ಲಿಯೂ ಕಾಲು ಚುರುಕಾದವರಿದ್ದಾರೆ. ಆಡಬೇಡಿ ಎಂದು ನಾವು ಹೇಳುವುದಿಲ್ಲ. ರಿಕ್ಷಾದವರ ಮಗ ದೇಶದ ಅಂಗಿ ತೊಟ್ಟದ್ದನ್ನು ಈಗಷ್ಟೇ ಕೇಳಿದಿರಿ. ಆದರೆ ನಾಳೆ ಯಾರಾದರೂ ಬಂದು, ನಿಮ್ಮ ಮಗನನ್ನು ಗೋವಾಕ್ಕೋ ಕೊಲ್ಲಾಪುರಕ್ಕೋ ಬೆಂಗಳೂರಿಗೋ ಆಡಿಸಲು ಒಯ್ಯುತ್ತೇವೆ ಎಂದರೆ ನಾಲ್ಕು ಮಾತು ಕೇಳಿರಿ. ಕರಾರು ಬರೆದು ಕೊಡುತ್ತೀರಾ? ಸಂಬಳ ಯಾವ ತಾರೀಕಿಗೆ, ಯಾರ ಕೈಯಿಂದ? ಕಾಲು ಮುರಿದರೆ ಆಸ್ಪತ್ರೆಯ ಖರ್ಚು ಯಾರದು? ಓದು ಏನಾಗುತ್ತದೆ? ಉತ್ತರ ಬಾಯಲ್ಲಿ ಬಂದರೆ ಸಾಲದು, ಕಾಗದದಲ್ಲಿ ಬರಬೇಕು. ಮುಂಗಡ ಹಣ ಕೇಳಿದರೆ ಒಂದು ಕಾಸೂ ಕೊಡಬೇಡಿ. ಶಾಲೆಯ ಅಂಕಪಟ್ಟಿಯನ್ನಾಗಲಿ ಆಧಾರ್ ಕಾರ್ಡನ್ನಾಗಲಿ ಅವರ ಕೈಗೆ ಬಿಡಬೇಡಿ, ನಕಲು ಕೊಡಿ.

ಓದಲು ಬಾರದ ಕಾಗದವಾದರೆ ಸಹಿ ಹಾಕುವ ಮೊದಲು ಸಂಘದ ಕೋಣೆಗೆ ತನ್ನಿರಿ. ಬುಧವಾರ ಸಂಜೆ ನಾವು ಅಲ್ಲಿರುತ್ತೇವೆ. ಒಟ್ಟಿಗೆ ಕೂತು ಓದೋಣ.