ಮನೆ ಒಂದೂರು, ಡ್ಯೂಟಿ ಇನ್ನೊಂದೂರು



ನಿಮ್ಮಲ್ಲಿ ಬಹಳ ಜನ ಡೊಂಬಿವಲಿ, ಕಲ್ಯಾಣದಿಂದ ದಿನಾ ಲೋಕಲ್ ಹಿಡಿದು ಕೆಲಸಕ್ಕೆ ಬರುವವರು. ಬೆಳಗಿನ ಡ್ಯೂಟಿ ಇದ್ದ ದಿನ ನಾನೂ ಅದೇ ಗಾಡಿಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಬರುತ್ತೇನೆ. ಆದರೆ ಕೆಲಸಕ್ಕೆ ಹೋಗಲು ವಿಮಾನವನ್ನೇ ಹಿಡಿಯುವವರೂ ಇದ್ದಾರೆ. ಅವರು ಅಮೆರಿಕದ ಪ್ರಾದೇಶಿಕ ವಿಮಾನ ಕಂಪನಿಗಳ ಪೈಲಟ್‌ಗಳು. ಇವತ್ತು ಅವರ ಮಾತು.

ಈ ಕಂಪನಿಗಳು ದೊಡ್ಡ ಕಂಪನಿಗಳ ಪರವಾಗಿ ಐವತ್ತು, ಎಪ್ಪತ್ತು ಸೀಟಿನ ವಿಮಾನಗಳನ್ನು ಸಣ್ಣ ಊರುಗಳಿಗೆ ಓಡಿಸುತ್ತವೆ. ಪ್ರತಿ ಪೈಲಟ್‌ಗೂ ಒಂದು ಊರನ್ನು ‘ಬೇಸ್’ ಎಂದು ಗೊತ್ತುಮಾಡಿರುತ್ತಾರೆ. ಅಲ್ಲಿಯವರೆಗೆ ಬಂದು ಸೇರುವುದು ಅವರವರ ಸ್ವಂತ ತಾಪತ್ರಯ. ಅದಕ್ಕೆ ಸಂಬಳವಿಲ್ಲ, ಆ ಗಂಟೆಗಳು ಡ್ಯೂಟಿಯ ಲೆಕ್ಕಕ್ಕೂ ಬರುವುದಿಲ್ಲ. ಯಾವುದಾದರೂ ವಿಮಾನದಲ್ಲಿ ಸೀಟು ಖಾಲಿ ಉಳಿದರೆ ಸರಿ, ಇಲ್ಲವೇ ಕಾಕ್‌ಪಿಟ್‌ನ ಹೆಚ್ಚುವರಿ ಕುರ್ಚಿ. ಅದೂ ತುಂಬಿತೋ, ಮುಂದಿನ ವಿಮಾನಕ್ಕೆ ಕಾಯಬೇಕು. ಆದ್ದರಿಂದ ಬೆಳಗಿನ ಡ್ಯೂಟಿಗೆ ಹಿಂದಿನ ದಿನವೇ ಮನೆ ಬಿಡಬೇಕು. ರಾತ್ರಿ ಮಲಗಲು ನಾಲ್ಕಾರು ಜನ ಸೇರಿ ಬಾಡಿಗೆಗೆ ಹಿಡಿದ ಕೋಣೆ, ಊರಿಂದ ಮುಂಬಯಿಗೆ ಬಂದ ಹೊಸದರಲ್ಲಿ ನಮ್ಮ ಹಿರಿಯರು ಖೋಲಿಗಳಲ್ಲಿ ಇದ್ದ ಹಾಗೆ. ಅದಕ್ಕೆ ‘ಕ್ರ್ಯಾಶ್ ಪ್ಯಾಡ್’ ಎನ್ನುತ್ತಾರೆ. ವಿಮಾನದವರಿಗೆ ಬೇರೆ ಹೆಸರು ಸಿಗಲಿಲ್ಲವೋ ಏನೋ!

ಈ ಓಡಾಟ ಜಗತ್ತಿನ ಕಣ್ಣಿಗೆ ಬಿದ್ದದ್ದು ಒಂದು ದುರಂತದಿಂದ. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ ವಿಮಾನ ಇಳಿಯುವ ಮೊದಲು ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಇಪ್ಪತ್ತನಾಲ್ಕರ ಸಹ ಪೈಲಟ್‌ಳ ಮನೆ ದೇಶದ ಆ ತುದಿಯ ಸಿಯಾಟಲ್ ಬಳಿ, ಬೇಸ್ ಈ ತುದಿಯ ನ್ಯೂವಾರ್ಕ್. ಹಿಂದಿನ ರಾತ್ರಿಯಿಡೀ ಸರಕು ವಿಮಾನದಲ್ಲಿ ಕುಳಿತು, ಮೆಂಫಿಸ್‌ನಲ್ಲಿ ವಿಮಾನ ಬದಲಿಸಿ ಬಂದಿದ್ದಳು. ಕ್ಯಾಪ್ಟನ್ನರ ಮನೆ ಫ್ಲಾರಿಡಾದಲ್ಲಿ. ಎಚ್ಚರಿಕೆ ಬಂದಾಗ ಕ್ಯಾಪ್ಟನ್ ವಿಮಾನವನ್ನು ತಪ್ಪಾಗಿ ನಡೆಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಇಬ್ಬರಿಗೂ ದಣಿವಿದ್ದಿರಬೇಕು, ಆದರೆ ಅದರ ಪಾಲೆಷ್ಟು ಎಂದು ಖಚಿತವಾಗಿ ಹೇಳಲಾಗದು ಎಂದೂ ಹೇಳಿತು.

2014ರಲ್ಲಿ ವಿಶ್ರಾಂತಿಯ ಹೊಸ ನಿಯಮ ಜಾರಿಗೆ ಬಂತು. ಮನೆಯಿಂದ ಬರುವ ಹೊತ್ತು ಮಾತ್ರ ಆಗಲೂ ಡ್ಯೂಟಿಯ ಲೆಕ್ಕಕ್ಕೆ ಸೇರಲಿಲ್ಲ.

ಈಗ ಹೊಸ ಪೈಲಟ್ ಒಬ್ಬನ ಜಾಗದಲ್ಲಿ ನಿಂತು ನೋಡಿ. ಒಂದು ಕಂಪನಿ ಹೆಚ್ಚು ಸಂಬಳ ಕೊಡುತ್ತದೆ, ಬೇಸ್ ದೂರ. ಇನ್ನೊಂದರ ಸಂಬಳ ಕಡಿಮೆ, ಬೇಸ್‌ಗೆ ಮನೆಯಿಂದ ಕಾರಿನಲ್ಲೇ ಹೋಗಬಹುದು. ಹೊಸಬರು ಮೊದಲು ‘ರಿಸರ್ವ್’ನಲ್ಲಿರಬೇಕು; ಕರೆ ಬಂದ ಎರಡು ಗಂಟೆಯೊಳಗೆ ಹಾಜರಾಗಬೇಕಾದ ದಿನಗಳೂ ಇರುತ್ತವೆ. ಹತ್ತಿರದವನು ತನ್ನ ಮನೆಯಲ್ಲೇ ಮಗುವನ್ನು ಆಡಿಸುತ್ತ ಆ ಕರೆಗೆ ಕಾಯುತ್ತಾನೆ. ದೂರದವನು ಕ್ರ್ಯಾಶ್ ಪ್ಯಾಡ್‌ನಲ್ಲಿ ಮಂಚದ ಮೇಲೆ ಬಿದ್ದುಕೊಂಡು. ರಜೆ ಬಂದರೆ ಹೋಗಲು ಅರ್ಧ ದಿನ, ಬರಲು ಒಂದು ದಿನ.

ಸರಿಹೋಗದಿದ್ದರೆ ಕಂಪನಿ ಬದಲಿಸಬಹುದಲ್ಲ ಎನ್ನುವಿರಾ? ಅಲ್ಲೇ ಇದೆ ಗಂಟು. ಯಾವ ಬೇಸ್, ಯಾವ ರಜೆ, ಯಾವಾಗ ಕ್ಯಾಪ್ಟನ್, ಎಲ್ಲಕ್ಕೂ ಸೀನಿಯಾರಿಟಿಯೇ ಆಧಾರ. ಹೊಸ ಕಂಪನಿಗೆ ಹೋದರೆ ಸಾಮಾನ್ಯವಾಗಿ ಪಟ್ಟಿಯ ಕೊನೆಗೆ ಹೋಗಿ ನಿಲ್ಲಬೇಕು. ಹಾಗೆಂದು ಹತ್ತಿರದ ಬೇಸ್ ನಂಬಿ ಸೇರಿದರೂ ಕಂಪನಿ ನಾಳೆ ಅದನ್ನು ಮುಚ್ಚಬಹುದು.

2022ರಲ್ಲಿ ಪೈಲಟ್‌ಗಳ ಅಭಾವ ಬಂದಾಗ ಕೆಲವು ಪ್ರಾದೇಶಿಕ ಕಂಪನಿಗಳು ಹೊಸ ಸಹ ಪೈಲಟ್‌ಗಳಿಗೆ ಹಾರಾಟದ ಗಂಟೆಗೆ 90 ಡಾಲರ್ ಕೊಡತೊಡಗಿದವು. ಹಿಂದಿನ ಸಂಬಳದ ಮುಂದೆ ದೊಡ್ಡ ಮೊತ್ತವೇ. ನನ್ನನ್ನು ಕೇಳಿದರೆ, ಆದರೂ ಹತ್ತಿರದ ಬೇಸ್ ಅನ್ನೇ ಆರಿಸುತ್ತಿದ್ದೆ. ನಸುಕಿನ ಲೋಕಲ್ ಕಲಿಸಿದ ಬುದ್ಧಿ ಇದು!

ಸಂಬಳ ಬಿಟ್ಟು ಮನೆಯ ಹತ್ತಿರದ ಕೆಲಸ ಹಿಡಿದವರು, ಅಥವಾ ಅದಕ್ಕೆ ತದ್ವಿರುದ್ಧ ಮಾಡಿದವರು ನಿಮ್ಮಲ್ಲೂ ಇರಬೇಕು. ಒಂದು ಕಾಗದ ಹಾಕಿ, ಮುಂದಿನ ವಾರ ಓದುತ್ತೇನೆ.