ಗಂಟು ಕಾಣುವ ಮೊದಲೇ



ನಾನು ವೈದ್ಯನಲ್ಲ, ಇದೇ ಶಾಲೆಯಲ್ಲಿ ಓದಿ ಕಂಪ್ಯೂಟರ್ ಕೆಲಸಕ್ಕೆ ಹೋದವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಇಷ್ಟೊಂದು ತಾಯಂದಿರು ಒಟ್ಟಿಗೆ ಸೇರಿರುವಾಗ ಸಂಕೋಚ ಬಿಟ್ಟು ಒಂದು ಮಾತು ಹೇಳುತ್ತೇನೆ.

ಸ್ತನ ಕ್ಯಾನ್ಸರಿಗೆ ‘ಸೊನ್ನೆ ಹಂತ’ ಎಂಬುದೊಂದಿದೆ. ಹಾಲಿನ ನಾಳದ ಒಳಗಿನ ಜೀವಕೋಶಗಳು ಕೆಟ್ಟಿರುತ್ತವೆ, ಆದರೆ ನಾಳ ದಾಟಿ ಹೊರಗೆ ಬಂದಿರುವುದಿಲ್ಲ. ಸಾಮಾನ್ಯವಾಗಿ ನೋವಿಲ್ಲ, ಗಂಟೂ ಇಲ್ಲ. ಮ್ಯಾಮೊಗ್ರಾಂನಲ್ಲಿ ಸುಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ. ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿದರೆ ಖಚಿತವಾಗುತ್ತದೆ.

ಇದು ಎಲ್ಲರಲ್ಲೂ ಹರಡುವುದಿಲ್ಲ. ಯಾರಲ್ಲಿ ಹರಡುತ್ತದೆಂದು ಮೊದಲೇ ಖಚಿತವಾಗಿ ಹೇಳಲಾಗದು, ಅದಕ್ಕೇ ಚಿಕಿತ್ಸೆ. ಆ ಭಾಗವನ್ನಷ್ಟೇ ತೆಗೆದು ವಿಕಿರಣ ಕೊಡುತ್ತಾರೆ; ಹೆಚ್ಚು ವ್ಯಾಪಿಸಿದ್ದರೆ ಇಡೀ ಸ್ತನ ತೆಗೆಯಬೇಕಾಗಬಹುದು. ಕೀಮೋ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ಕಾರ್ಯಕ್ರಮವಿದೆ; ಆಶಾ ಕಾರ್ಯಕರ್ತೆಯನ್ನು ಕೇಳಿ. ಆದರೆ ಕೈತಪಾಸಣೆಗೆ ಸೊನ್ನೆ ಹಂತ ಸಿಗುವುದು ಅಪರೂಪ. ತಾಯಿಗೋ ಅಕ್ಕತಂಗಿಗೋ ಈ ರೋಗ ಬಂದಿದ್ದರೆ, ತೊಟ್ಟಿನಿಂದ ರಕ್ತ ಕಂಡರೆ, ಮ್ಯಾಮೊಗ್ರಾಂ ಬೇಕೇ ಎಂದು ವೈದ್ಯರನ್ನು ಕೇಳಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರ್ಕಾರದ್ದೇ.

ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಕಾಯಿ ಉದುರುವವರೆಗೆ ನಾವು ಕಾಯುತ್ತೇವೆಯೇ? ಗಂಡಸರೇ, ತೋಟಕ್ಕೆ ತೋರುವ ಎಚ್ಚರವನ್ನು ಮನೆಯಾಕೆಗೂ ತೋರಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.