ಉರಿಯೂತದ ಲೆಕ್ಕ: ಕರಿಹಲಗೆಯ ಮೇಲೊಂದು ಜೀವಕೋಶ



ಕಾಲಿಗೆ ಮುಳ್ಳು ಚುಚ್ಚಿಸಿಕೊಂಡ ಮಗು ಮರುದಿನ ಕುಂಟುತ್ತ ಶಾಲೆಗೆ ಬರುತ್ತದೆ. ಚುಚ್ಚಿದ ಜಾಗ ಕೆಂಪೇರಿದೆ, ಬಾತಿದೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಬರೆದಿಟ್ಟದ್ದೂ ಈ ನಾಲ್ಕು ಲಕ್ಷಣಗಳನ್ನೇ. ಕನ್ನಡದ ‘ಉರಿಯೂತ’ ಎಂಬ ಪದವು ಉರಿ, ಊತ ಎರಡನ್ನೂ ತನ್ನೊಳಗೇ ಇರಿಸಿಕೊಂಡಿದೆ. ಇಂಗ್ಲಿಷಿನ ಪದದಲ್ಲಿ ಉರಿಯುಂಟು, ಊತವಿಲ್ಲ. ವಿಜ್ಞಾನಕ್ಕೆ ಕನ್ನಡ ಸಾಲದೇನೋ ಎಂದು ಅಳುಕುವ ಗಡಿಯಾಚೆಯ ಶಾಲೆಗಳ ಶಿಕ್ಷಕರು ಈ ಪದದಿಂದಲೇ ಪಾಠವನ್ನು ಆರಂಭಿಸಬಹುದು.

ಉರಿಯೂತವು ಮೂಲತಃ ರೋಗವಲ್ಲ, ದೇಹದ ರಕ್ಷಣೆಯ ಕ್ರಮ. ಆದರೆ ಹೊತ್ತಿದ್ದು ಸಕಾಲದಲ್ಲಿ ಆರದಿದ್ದರೆ ಕೀಲುಗಳನ್ನೇ ಸವೆಸುವ ಸಂಧಿವಾತದಂತಹ ರೋಗಗಳಿಗೆ ದಾರಿಯಾಗುತ್ತದೆ. ಹಾಗಾದರೆ ‘ಇನ್ನು ಸಾಕು’ ಎಂಬುದು ಜೀವಕೋಶಕ್ಕೆ ತಿಳಿಯುವುದು ಹೇಗೆ?

1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು ಒಂದು ಪ್ರೋಟೀನನ್ನು ಗುರುತಿಸಿದರು. ಅದರ ಹೆಸರು ಎನ್‌ಎಫ್-ಕಪ್ಪಾ-ಬಿ. ಉರಿಯೂತಕ್ಕೆ ಬೇಕಾದ ಹಲವು ಜೀನ್‌ಗಳನ್ನು ಎಬ್ಬಿಸುವುದು ಇದೇ ಎಂಬುದು ಮುಂದೆ ತಿಳಿದುಬಂತು. ಎಂದಿನ ಸ್ಥಿತಿಯಲ್ಲಿ ಅದು ಕೋಶಕೇಂದ್ರದ ಹೊರಗೆ, ಐ-ಕಪ್ಪಾ-ಬಿ ಎಂಬ ಕಾವಲು ಪ್ರೋಟೀನಿನ ಹಿಡಿತದಲ್ಲಿರುತ್ತದೆ. ಟಿಎನ್‌ಎಫ್‌ನಂತಹ ಸಂದೇಶವಾಹಕ ಅಣುವೊಂದು ಅಪಾಯದ ಸುದ್ದಿಯನ್ನು ಜೀವಕೋಶದ ಹೊರಪೊರೆಗೆ ಮುಟ್ಟಿಸಿದಾಗ ಒಳಗಿನ ಕಿಣ್ವವೊಂದು ಎಚ್ಚೆತ್ತು ಕಾವಲುಗಾರನಿಗೆ ಫಾಸ್ಫೇಟಿನ ಗುರುತು ಹಚ್ಚುತ್ತದೆ. ಗುರುತು ಬಿದ್ದ ಕಾವಲುಗಾರನನ್ನು ಜೀವಕೋಶವೇ ಚೂರುಮಾಡುತ್ತದೆ. ಬಿಡುಗಡೆ ಹೊಂದಿದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರವನ್ನು ಹೊಕ್ಕು ಜೀನ್‌ಗಳನ್ನು ಎಬ್ಬಿಸುತ್ತದೆ. ಸ್ವಾರಸ್ಯವಿರುವುದು ಇಲ್ಲಿ: ಹಾಗೆ ಎಚ್ಚೆತ್ತ ಜೀನ್‌ಗಳಲ್ಲಿ ಕಾವಲುಗಾರನನ್ನು ತಯಾರಿಸುವ ಜೀನೂ ಒಂದು. ಹೊಸ ಕಾವಲುಗಾರರು ತಯಾರಾಗಿ ಕೋಶಕೇಂದ್ರಕ್ಕೆ ಬಂದು ತಮ್ಮನ್ನು ಹುಟ್ಟಿಸಿದವನನ್ನೇ ಹೊರಗೆಳೆದೊಯ್ಯುತ್ತಾರೆ. ಬಿ.ಎಡ್. ತರಗತಿಯಲ್ಲಿ ‘ಹಿಮ್ಮಾಹಿತಿ’ ಎಂದು ಓದಿದ ಪದ ಇಲ್ಲಿಗೂ ಸಲ್ಲುತ್ತದೆ. ಇದು ತಡೆಯುವ ಹಿಮ್ಮಾಹಿತಿ. ಆಲ್ಫಾ ಎಂಬ ಬಗೆಯ ಕಾವಲುಗಾರನಿಲ್ಲದೆ ಹುಟ್ಟಿದ ಇಲಿಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ.

ಕಾವಲುಗಾರರಲ್ಲಿ ಆಲ್ಫಾ, ಬೀಟಾ, ಎಪ್ಸಿಲಾನ್ ಎಂದು ಮೂರು ಮುಖ್ಯ ಬಗೆಗಳುಂಟು. ಒಂದೇ ಕೆಲಸಕ್ಕೆ ಮೂವರೇಕೆ? ಮಾತಿನ ವಿವರಣೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ, ಲೆಕ್ಕ ಹಾಕಬೇಕಾಗುತ್ತದೆ. 2002ರಲ್ಲಿ ಅಲೆಕ್ಸಾಂಡರ್ ಹಾಫ್‌ಮನ್, ಆಂಡ್ರೆ ಲೆವ್ಚೆಂಕೊ, ಬಾಲ್ಟಿಮೋರ್ ಮತ್ತು ಸಂಗಡಿಗರು ಅದನ್ನೇ ಮಾಡಿದರು. ಪ್ರತಿಯೊಂದು ಅಣುವೂ ಎಷ್ಟು ವೇಗದಲ್ಲಿ ತಯಾರಾಗುತ್ತದೆ, ಕೂಡುತ್ತದೆ, ಒಡೆಯುತ್ತದೆ ಎಂಬುದನ್ನು ಸಮೀಕರಣಗಳಾಗಿ ಬರೆದು ಕಂಪ್ಯೂಟರಿನಲ್ಲಿ ಬಿಡಿಸಿದರು. ಒಂದೇ ಬಗೆಯ ಕಾವಲುಗಾರನುಳ್ಳ ಇಲಿಯ ಜೀವಕೋಶಗಳೊಡನೆ ಉತ್ತರವನ್ನು ತಾಳೆ ನೋಡಿದರು. ಆಲ್ಫಾ ಒಬ್ಬನೇ ಇದ್ದಲ್ಲಿ ಎನ್‌ಎಫ್-ಕಪ್ಪಾ-ಬಿ ಅಲೆಯಂತೆ ಕೋಶಕೇಂದ್ರದೊಳಗೆ ಏರಿತು, ಇಳಿಯಿತು, ಮತ್ತೆ ಏರಿತು. ಬೀಟಾ ಅಥವಾ ಎಪ್ಸಿಲಾನ್ ಒಬ್ಬನೇ ಇದ್ದಲ್ಲಿ ಒಳಹೊಕ್ಕದ್ದು ಹೊರಬರಲೇ ಇಲ್ಲ. ಆಲ್ಫಾ ಬಲವಾಗಿ ಎಳೆಯುವವನು. ಉಳಿದಿಬ್ಬರು ಆ ಎಳೆತದ ತೂಗಾಟವನ್ನು ಶಮನಗೊಳಿಸುವವರು. ಸಂಕೇತ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಎಚ್ಚರಗೊಳ್ಳುವ ಜೀನ್‌ಗಳೂ ಬೇರೆಬೇರೆ ಎಂಬುದನ್ನೂ ಅವರು ತೋರಿಸಿದರು.

ಎರಡು ವರ್ಷಗಳ ಬಳಿಕ ಇಂಗ್ಲೆಂಡಿನ ಲಿವರ್‌ಪೂಲಿನ ಸಂಶೋಧಕರು ಪ್ರೋಟೀನಿಗೆ ಹೊಳೆಯುವ ಗುರುತು ಸೇರಿಸಿ ಒಂದೊಂದೇ ಜೀವಕೋಶವನ್ನು ನೋಡಿದಾಗ ಸುಮಾರು 100 ನಿಮಿಷಕ್ಕೊಮ್ಮೆ ಅಲೆಯೇಳುತ್ತಿತ್ತು. ಆದರೆ ನೆರೆಹೊರೆಯ ಕೋಶಗಳ ಅಲೆಗಳು ಹೆಜ್ಜೆ ಕೂಡಿಸುತ್ತಿರಲಿಲ್ಲ. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಅಲೆಗಳು ಮಸುಕಾಗುತ್ತವೆ. ತರಗತಿಯ ಸರಾಸರಿ ಅಂಕವನ್ನು ನೋಡಿ ಒಂದು ಮಗುವಿನ ಕಲಿಕೆಯನ್ನು ಅಳೆಯಲಾಗದೆಂದು ಬಲ್ಲ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಮೀಕರಣಗಳು ಪ್ರೌಢಶಾಲೆಗೆ ಭಾರ, ನಿಜ. ಅವುಗಳ ತಿರುಳು ಭಾರವಲ್ಲ. ಎಂಟನೆಯ ತರಗತಿಯ ಕರಿಹಲಗೆಯ ಮೇಲೆ ಒಂದು ವೃತ್ತ ಬರೆದು ಅದನ್ನು ಕೋಶಕೇಂದ್ರವೆನ್ನಿ. ಪ್ರತಿ ಹೆಜ್ಜೆಗೆ 20 ಅಣುಗಳು ಒಳಬರುತ್ತವೆ. ಆಗ ಒಳಗಿರುವುದರಲ್ಲಿ ಅರ್ಧ ಹೊರಹೋಗುತ್ತದೆ. ಸೊನ್ನೆಯಿಂದ ಹೊರಟರೆ 20, 30, 35, 37.5 ಎಂದು ಸಂಖ್ಯೆ ನಿಧಾನವಾಗಿ 40ರ ಕಡೆಗೆ ಸಾಗುತ್ತದೆ. ಅಲೆಯಿಲ್ಲ.

ಈಗ ನಿಯಮದಲ್ಲಿ ಒಂದೇ ಬದಲಾವಣೆ. ಕಾವಲುಗಾರ ತಯಾರಾಗಲು ಹೊತ್ತು ಬೇಕಷ್ಟೆ? ಆದುದರಿಂದ ಈಗಿನ ಸಂಖ್ಯೆಯ ಅರ್ಧದ ಬದಲು ಎರಡು ಹೆಜ್ಜೆ ಹಿಂದಿದ್ದ ಸಂಖ್ಯೆಯ ಅರ್ಧವನ್ನು ಕಳೆಯಬೇಕು. ಮೊದಮೊದಲು ಕಳೆಯಲು ಹಿಂದಿನದೇನೂ ಇರುವುದಿಲ್ಲ: 20, 40, 60. ಆಮೇಲೆ 70, 70, 60, 45, 30, 20, 17.5, ಮತ್ತೆ 22.5, 32.5. ಅಣುಗಳು ಅವೇ, ಕೂಡುವ ಸಂಖ್ಯೆಯೂ ಅದೇ. ತಡವೊಂದೇ ಅಲೆಯನ್ನು ಎಬ್ಬಿಸಿತು. ಗ್ರಾಫ್ ಹಾಳೆಯ ಮೇಲೆ ಎರಡೂ ಗೆರೆಗಳನ್ನು ಮಕ್ಕಳೇ ಎಳೆಯಲಿ. ಶಿಕ್ಷಕರು ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಈ ಪಾಠದ ಸೊಗಸೆಲ್ಲ ಹೋಯಿತು. ಹತ್ತನೆಯ ತರಗತಿಯ ಬಳಿಕ ಮಾಧ್ಯಮ ಬದಲಾಗಿ ಇಂಗ್ಲಿಷಿನಲ್ಲಿ ಓದಬೇಕಾಗುವ ಮಗುವಿಗೆ ಹೊಸ ಹೆಸರುಗಳು ಎದುರಾದಾವು; ಈ ಗೆರೆ ಮಾತ್ರ ಹೊಸತಾಗಿರುವುದಿಲ್ಲ.

ಕೊನೆಯಲ್ಲಿ ಅರ್ಧದ ಬದಲು 0.7 ಪಾಲನ್ನು ಕಳೆಯಲು ಹೇಳಿ. ಮೊದಲ ಮೂರು ಸಂಖ್ಯೆಗಳು ಹಿಂದಿನವೇ. ಬಳಿಕ 66, 58, 36, 9.8. ಮುಂದಿನ ಹೆಜ್ಜೆಗೆ ಉತ್ತರ ಸೊನ್ನೆಗಿಂತ 10.8 ಕೆಳಗಿಳಿಯುತ್ತದೆ. ಕೋಶಕೇಂದ್ರದಲ್ಲಿ ಸೊನ್ನೆಗಿಂತ ಕಡಿಮೆ ಅಣುಗಳಿರುವುದು ಹೇಗೆ ಎಂದು ಯಾವುದಾದರೂ ಬೆಂಚಿನಿಂದ ಪ್ರಶ್ನೆ ಏಳುತ್ತದೆ. ನಿಯಮದಲ್ಲಿ ಎಲ್ಲಿ ತಪ್ಪಿದೆ, ಅದನ್ನು ಹೇಗೆ ತಿದ್ದಬೇಕು ಎಂಬುದನ್ನು ಆಗ ಆ ಬೆಂಚಿಗೇ ಬಿಟ್ಟುಕೊಡಬಹುದು.